ಮುಖದ ಹಳದಿ

ಇಂಗ್ಲಿಷ್ ಮೇಷ್ಟರು ರಜದ ಮೇಲೆ ಹೋದಾಗ ಅವರ ತರಗತಿಗೆ ಕನ್ನಡ ಪಂಡಿತನನ್ನು ಕಳುಹಿಸುವುದು ನಮ್ಮ ಶಾಲೆಯಲ್ಲಿ ಹಿಂದಿನಿಂದ ನಡೆದುಬಂದ ವಾಡಿಕೆ. ಪಂಡಿತನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದೇನೂ ಅಲ್ಲ. ಅವನು ಕುಳಿತಿದ್ದರೆ ಹುಡುಗರ ಗದ್ದಲ ಪಕ್ಕದ ಕೋಣೆಗೆ ಕೇಳಿಸುವುದಿಲ್ಲವೆಂಬ ಭರವಸೆ, ಅಷ್ಟೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮಧ್ಯಾಹ್ನ ನುಗ್ಗೇಹಳ್ಳಿಯಲ್ಲಿ ಒಂಬತ್ತನೆಯ ತರಗತಿಯ ಮುಂದೆ ಕುಳಿತು ನಾನು ಕಾಪಿ ಪುಸ್ತಕಗಳನ್ನು ತಿದ್ದುತ್ತಿದ್ದೆ. ಶಾಲೆಯ ಪುಸ್ತಕ ಭಂಡಾರದಿಂದ ಯಾವುದೋ ಇಂಗ್ಲಿಷ್ ಕತೆಯ ಪುಸ್ತಕ ತಂದಿದ್ದ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಸಾಲೋ ಅಂದ್ರೆ ಏನು ಸಾರ್?’ ಎಂದು ಕೇಳಿದ. ಪುಸ್ತಕ ತರಿಸಿ ನೋಡಿದೆ. ಸ್ಯಾಲೋ ಎಂಬ ಮಾತು. ಕತೆಯಲ್ಲಿ ಬರುವ ಒಬ್ಬ ಗುಮಾಸ್ತನ ಮುಖಕ್ಕೆ ಈ ವಿಶೇಷಣವನ್ನು ಹಾಕಿದ್ದರು.

ನಾನು ಉತ್ತರ ಹುಡುಕುವುದರೊಳಗೆ ಹಿಂದಿನ ಬೆಂಚಿನಿಂದ ಒಂದು ವ್ಯುತ್ಪತ್ತಿ ಬಂದೇಬಿಟ್ಟಿತು: ‘ಸಾಲ ಮಾಡ್ಕೊಂಡೋನ ಮುಖ ಸಾರ್!’ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ವ್ಯುತ್ಪತ್ತಿ ತಪ್ಪಾಗಿದ್ದರೂ ಮುಖದ ವರ್ಣನೆ ಸರಿಯಾಗಿಯೇ ಇತ್ತು. ಆಮೇಲೆ, ‘ಹಳದಿಗೆ ತಿರುಗಿ ಬಿಳಿಚಿಕೊಂಡ ಬಣ್ಣ, ರೋಗಿಷ್ಠರ ಮುಖದ ಬಣ್ಣ’ ಎಂದು ಹೇಳಿದೆ. ಹೇಳಿ ಮುಗಿಸುವ ಮೊದಲೇ ನಾಲ್ಕಾರು ತಲೆಗಳು ಒಟ್ಟಿಗೆ ಕಿಟಕಿಯ ಕಡೆಗೆ ತಿರುಗಿದವು. ಅಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಯಾರೂ ಅವಳ ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ತಲೆ ತಗ್ಗಿಸಿದಳು. ಆ ಹುಡುಗಿಯನ್ನು ನಾನೂ ಎಷ್ಟೋ ಸಲ ‘ಮಂಕು’ ಎಂದು ಗದರಿದ್ದುಂಟು. ಮೇಜು ಕುಟ್ಟಿ, ಮುಂದಿನ ಪುಟ ಓದಿರೆಂದು ಹೇಳಿ ಸುಮ್ಮನಾದೆ. ಮರುದಿನ ಅವಳು ಶಾಲೆಗೆ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ.

ತಪ್ಪು ಮಾಡಿದ ಪಂಡಿತ ನಿಘಂಟಿನ ಮರೆಗೆ ಹೋಗುತ್ತಾನೆ. ನಾನೂ ಆ ಎರಡು ಸಂಜೆ ಅದನ್ನೇ ಮಾಡಿದೆ. ಆಗ ಕಂಡದ್ದನ್ನೂ, ಆಮೇಲೆ ಅಲ್ಲಿ ಇಲ್ಲಿ ಓದಿ ಸೇರಿಸಿಕೊಂಡದ್ದನ್ನೂ ಬಾನುಲಿಯ ಕೇಳುಗರ ಮುಂದೆ ಇಡುತ್ತಿದ್ದೇನೆ.

ಈ ಮಾತು ಹುಟ್ಟಿದಾಗ ಅದಕ್ಕೆ ರೋಗವೂ ಇರಲಿಲ್ಲ, ಹಳದಿಯೂ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ಸಲು ಅಥವಾ ಸಲೊ. ಅರ್ಥ ಮಬ್ಬು, ಕಪ್ಪುಗೂಡಿದ್ದು. ಕ್ರಿ. ಶ. 937ರಲ್ಲಿ ಬ್ರುನನ್‌ಬರ್ಗ್ ಎಂಬಲ್ಲಿ ಇಂಗ್ಲೆಂಡಿನ ಅರಸರಿಗೂ ಉತ್ತರದವರಿಗೂ ದೊಡ್ಡ ಕಾಳಗವಾಯಿತು. ಅದನ್ನು ಕುರಿತ ಹಳೆಯ ಪದ್ಯದಲ್ಲಿ, ಹೆಣಗಳ ಮೇಲೆ ಬಂದಿಳಿಯುವ ಕಾಡುಕಾಗೆಗೆ ಈ ಮಾತಿನಿಂದಾದ ವಿಶೇಷಣವನ್ನು ಕವಿ ಕೊಟ್ಟಿದ್ದಾನೆ: ಮಬ್ಬು ಬಣ್ಣದ ಅಂಗಿ ತೊಟ್ಟದ್ದು ಎಂದು. ಕಾಗೆಗೆ ಒಪ್ಪಿದ ಮಾತು ಕಾಮಾಲೆಯ ಮುಖಕ್ಕೆ ಒಪ್ಪುವುದೆಂತು? ನಂಟರ ಮನೆಗಳಲ್ಲಿ ವಿಚಾರಿಸಿದರೂ ಇದೇ ಸಂಗತಿ. ಹಳೆಯ ಜರ್ಮನ್ನಿನಲ್ಲಿ ಕೊಳಕು ಬೂದಿ ಬಣ್ಣಕ್ಕೂ, ಉತ್ತರದ ನಾರ್ಸ್ ಭಾಷೆಯಲ್ಲಿ ಕೊಳೆಯಾದ ಹಳದಿಗೂ ಇದರ ಸೋದರ ಪದಗಳು ನಿಂತವು. ಫ್ರಾಂಕ್ ಜನ ಇದನ್ನು ಫ್ರಾನ್ಸಿಗೆ ಕೊಂಡೊಯ್ದರು. ಅಲ್ಲಿ ಬಣ್ಣ ತೊಳೆದುಹೋಗಿ ಕೊಳೆ ಮಾತ್ರ ಉಳಿಯಿತು. ಇಂದಿಗೂ ಫ್ರೆಂಚರು ಸಾಲ್ ಎಂದರೆ ಕೊಳಕು ಎಂದೇ ಅರ್ಥ. ನಮ್ಮ ಹುಡುಗನ ಸಾಲಕ್ಕೂ ಇದಕ್ಕೂ ನಂಟಿಲ್ಲ. ಆಳವಿಲ್ಲದ ನೀರಿಗೆ ಹೇಳುವ ಶ್ಯಾಲೋ ಎಂಬ ಮಾತಿಗೂ ಇಲ್ಲ.

ಮಬ್ಬು ಹಳದಿಯಾದುದು ಒಂದು ದಿನದಲ್ಲಲ್ಲ. ಕಾಗೆಯ ಗರಿ, ಮರ, ಬಟ್ಟೆ ಮುಂತಾದುವುಗಳಿಂದ ಈ ಮಾತು ಮೆಲ್ಲಮೆಲ್ಲನೆ ಜಾರಿ ಮನುಷ್ಯನ ಚರ್ಮದ ಮೇಲೆ ಬಂದು ನಿಂತಿತು. ಬಿಳಿಯ ಚರ್ಮ ಮಬ್ಬಾದರೆ ಕಾಣುವುದು ಹಳದಿಯೇ. ಹೀಗೆ ಗರಿಯ ಮೇಲೆ ಕಪ್ಪಾಗಿದ್ದುದು ಕೆನ್ನೆಯ ಮೇಲೆ ಹಳದಿಯಾಯಿತು. 1755ರಲ್ಲಿ ಡಾಕ್ಟರ್ ಜಾನ್ಸನ್ನರು ತಮ್ಮ ಹೆಸರಾಂತ ನಿಘಂಟನ್ನು ಹೊರತರುವ ಹೊತ್ತಿಗೆ ರೋಗದ ಅರ್ಥ ಗಟ್ಟಿಯಾಗಿ ನೆಲೆಗೊಂಡಿತ್ತು. ಕಂಪನಿ ಸರಕಾರದ ಚಾಕರಿಗೆಂದು ಇಂಡಿಯಾಕ್ಕೆ ಬಂದು, ಜ್ವರವನ್ನೂ ಪಿತ್ತಕೋಶದ ಕಾಯಿಲೆಯನ್ನೂ ಹೊತ್ತು ಊರಿಗೆ ಮರಳಿದ ಹಳದಿ ಮುಖದ ದೊರೆಗಳು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳನ್ನು ಓದಿದವರಿಗೆ ಪರಿಚಿತರು. ಅವರ ಮುಖಕ್ಕೆ ಆ ಬಣ್ಣ ಬಳಿದ ಕೀರ್ತಿಯಲ್ಲಿ ನಮ್ಮ ಸೊಳ್ಳೆಗಳಿಗೂ ಪಾಲುಂಟು.

ಆದರೂ ಇನ್ನೊಂದು ಎಳೆ ಹರಿಯದೆ ಉಳಿಯಿತು. ಬ್ರಿಟಿಷ್ ಸೈನ್ಯದಲ್ಲಿ ಸಿಪಾಯಿಗಳನ್ನು ಸೇರಿಸಿಕೊಳ್ಳುವಾಗ ಎತ್ತರ, ಕೂದಲು, ಕಣ್ಣುಗಳ ಜೊತೆಗೆ ಮೈಬಣ್ಣವನ್ನೂ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಫೇರ್, ಫ್ರೆಶ್, ಡಾರ್ಕ್ ಎಂಬುವುಗಳ ನಡುವೆ ಸ್ಯಾಲೋ ಎಂಬುದೂ ಒಂದು. ಅಲ್ಲಿ ಅದು ರೋಗದ ಸೂಚನೆಯಲ್ಲ. ರೋಗಿಯನ್ನು ಸೈನ್ಯಕ್ಕೆ ಯಾರು ಸೇರಿಸಿಕೊಳ್ಳುತ್ತಾರೆ? ನಮ್ಮ ಆಕಾಶವಾಣಿಯಲ್ಲಿ ಕಾಣೆಯಾದವರ ಪ್ರಕಟಣೆ ಓದುವಾಗ ‘ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು’ ಎಂದು ಬರುವುದನ್ನು ಕೇಳಿದ್ದೀರಷ್ಟೆ. ಆ ಗೋಧಿಯಂಥದೇ ಈ ಸ್ಯಾಲೋ. ಐರ್ಲೆಂಡಿನಲ್ಲಂತೂ ಇಂದಿಗೂ ಸ್ಯಾಲೋ ಎಂದರೆ ಬಿಸಿಲಿಗೆ ಬೇಗ ಕಂದುವ, ಸ್ವಲ್ಪ ಗೋಧಿ ಛಾಯೆಯ ಚರ್ಮ. ಅದನ್ನು ಅಲ್ಲಿನವರು ಚೆಲುವಿನ ಲಕ್ಷಣವಾಗಿಯೂ ಹೇಳಿಕೊಳ್ಳುತ್ತಾರೆ. ಒಂದೇ ಮಾತು ಒಂದು ದ್ವೀಪದಲ್ಲಿ ಬೈಗುಳಕ್ಕೆ ಸಮೀಪ, ಪಕ್ಕದ ದ್ವೀಪದಲ್ಲಿ ಹೊಗಳಿಕೆಗೆ ಸಮೀಪ.

ಸ್ಯಾಲೋ ಎಂಬ ಇನ್ನೊಂದು ಮಾತೂ ಇಂಗ್ಲಿಷಿನಲ್ಲಿ ಇದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅದೊಂದು ಮರ, ವಿಲ್ಲೋ ಜಾತಿಯದು. ಲ್ಯಾಟಿನ್ನಿನ ಸ್ಯಾಲಿಕ್ಸ್ ಎಂಬುದಕ್ಕೆ ನಂಟು. ನಮ್ಮ ಮಲೆನಾಡಿನ ಹಳ್ಳಗಳ ದಂಡೆಯಲ್ಲಿ ಬೆಳೆಯುವ ನೀರವಂಜಿಯೂ ಇದೇ ಕುಲದ್ದು. ಬಣ್ಣದ ಸ್ಯಾಲೋಗೂ ಮರದ ಸ್ಯಾಲೋಗೂ ದೂರದ ಮೂಲ ಒಂದೇ ಎಂದು ಹೇಳುವ ವಿದ್ವಾಂಸರುಂಟು. ಇಂಗ್ಲಿಷಿನಲ್ಲಿ ಮಾತ್ರ ಅವು ಬೇರೆ ಬೇರೆ ಪದಗಳು. ತಮಾಷೆಯೆಂದರೆ ಕಾಯಿಲೆಯ ವಿಷಯದಲ್ಲಿ ಅವೆರಡೂ ಎದುರುಬದುರು ನಿಂತಿವೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ, ವಿಲ್ಲೋ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುತ್ತದೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಆ ತೊಗಟೆಯ ಸಾರವನ್ನು 1828ರಲ್ಲಿ ಮ್ಯೂನಿಕ್ಕಿನ ಬುಖ್ನರ್ ಬೇರ್ಪಡಿಸಿದ. 1899ರಲ್ಲಿ ಮಾರಾಟಕ್ಕೆ ಬಂದ ಆಸ್ಪಿರಿನ್ ಆ ವಂಶದ್ದೇ. ಒಂದು ಸ್ಯಾಲೋ ಜ್ವರದವನ ಮುಖದ ಬಣ್ಣ, ಇನ್ನೊಂದು ಜ್ವರದವನಿಗೆ ಮದ್ದು.

ಇನ್ನು ನಮ್ಮ ಮನೆಗೆ ಬರೋಣ.

ಇಂಗ್ಲಿಷಿನವರಲ್ಲಿ ಬಣ್ಣದ ಹೆಸರು ಮೊದಲು, ಅದು ಬಾಡಿದ ಮುಖಕ್ಕೆ ಅಂಟಿಕೊಂಡುದು ಆಮೇಲೆ. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗಾದ ಒಂದು ಮಾತಿದೆ. ಕಂದು ಎಂಬುದು ನಮ್ಮಲ್ಲಿ ಮೊದಲಿಗೆ ಕ್ರಿಯೆ. ಬಿಸಿಲಿಗೆ ಚಿಗುರು ಕಂದುತ್ತದೆ, ದುಃಖಕ್ಕೆ ಮುಖ ಕಂದುತ್ತದೆ. ಬಾಡುವುದು, ಕಾವಿಗೆ ಬಣ್ಣಗೆಡುವುದು ಎಂದು ಅರ್ಥ. ಈ ಬಾಡುವಿಕೆಯೇ ಗಟ್ಟಿಗೊಂಡು ಕಂದು ಬಣ್ಣವೆಂಬ ಹೆಸರಾಗಿ ಇಂದಿನ ಮಕ್ಕಳ ಬಣ್ಣದ ಪೆಟ್ಟಿಗೆಯಲ್ಲಿ ಕುಳಿತಿದೆ. ಇದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಹುಡುಗರನ್ನು ದೂರ ಕರೆದೊಯ್ಯಬೇಕಾದುದಿಲ್ಲ. ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರುಗಳು ಇಂದಿಗೂ ಇವೆ. ಅವರು ಉಳಿಯಿಟ್ಟದ್ದು ಬಳಪದ ಕಲ್ಲಿಗೆ. ಗಣಿಯಿಂದ ತೆಗೆದಾಗ ಅದು ಮೆತ್ತಗೆ, ತಿಳಿಯಾದ ಹಸುರುಬೂದಿ ಬಣ್ಣ. ಗಾಳಿಬಿಸಿಲಿಗೆ ಒಡ್ಡಿದಂತೆ ಗಡುಸಾಗುತ್ತದೆ, ಕಪ್ಪಾಗುತ್ತದೆ. ‘ನೋಡಿ, ಏಳುನೂರು ವರ್ಷಕ್ಕೂ ಮಿಕ್ಕಿ ಕಂದಿದೆ’ ಎಂದು ಗೋಡೆಯನ್ನು ತೋರಿಸಿದರೆ ಹುಡುಗರಿಗೆ ಕ್ರಿಯಾಪದ ಮರೆಯುವುದಿಲ್ಲ. ಈ ಬಳಪದ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಹಳದಿಗೆ ನಮ್ಮಲ್ಲಿ ಹೆಸರಿನ ಬಡತನವೆಂದರೆ ಆಶ್ಚರ್ಯಪಡಬೇಡಿ. ಬಿಳಿ, ಕರಿ, ಕೆಂಪು ಇವು ಅಚ್ಚಗನ್ನಡದ ಬಣ್ಣದ ಮಾತುಗಳು. ಯಾವ ವಸ್ತುವಿನ ಹಂಗೂ ಇಲ್ಲದೆ ನಿಲ್ಲುತ್ತವೆ. ಹಳದಿ ಹಾಗಲ್ಲ. ಆ ಮಾತೇ ಸಂಸ್ಕೃತದ ಹರಿದ್ರಾ ಪ್ರಾಕೃತದಲ್ಲಿ ಹಲದ್ದಿಯಾಗಿ ನಮ್ಮಲ್ಲಿಗೆ ಬಂದುದು, ಅಂದರೆ ಅರಿಸಿನದ ಕೊಂಬು. ಅರಿಸಿನ ಬಣ್ಣ, ಹೊಂಬಣ್ಣ, ನಿಂಬೆಹಣ್ಣಿನ ಬಣ್ಣ: ಯಾವುದನ್ನು ಹೇಳಿದರೂ ಒಂದು ಪದಾರ್ಥವನ್ನು ಕೈಯಲ್ಲಿ ಹಿಡಿದೇ ಹೇಳಬೇಕು. ಆ ಪದಾರ್ಥಗಳೂ ಎಂಥವು? ಚಿನ್ನ, ಅರಿಸಿನ. ಮದುವೆಯ ಹಿಂದಿನ ದಿನ ಹಚ್ಚುವುದು ಅರಿಸಿನ, ಬಂದ ಮುತ್ತೈದೆಗೆ ಕೊಡುವುದು ಅರಿಸಿನ, ಕಂಕಣದ ದಾರಕ್ಕೆ ಕಟ್ಟುವುದು ಅರಿಸಿನದ ಕೊಂಬು. ಇಷ್ಟು ಮಂಗಳಕರವಾದ ಬಣ್ಣ ಮುಖದ ಮೇಲೆ ತಾನಾಗಿಯೇ ಮೂಡಿದರೆ ಅದನ್ನು ಅಮಂಗಳವೆಂದು ಗುರುತಿಸುವುದಕ್ಕೆ ಕಣ್ಣು ಹಿಂಜರಿಯುತ್ತದೆ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಹಿಂಜರಿಕೆ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ಮುಂದೆ ಹೇಳುತ್ತೇನೆ.

ಹಳದಿಗೂ ಹಸುರಿಗೂ ಹಿಂದಿನವರು ಗೆರೆ ಕೊರೆದಂತೆ ಭೇದ ಮಾಡಲಿಲ್ಲ. ಸಂಸ್ಕೃತದ ಹರಿ, ಹರಿತ ಎಂಬುವು ಎರಡೂ ಬಣ್ಣಗಳಿಗೆ ಸಲ್ಲುತ್ತವೆ. ದ್ರಾವಿಡ ಭಾಷೆಗಳಲ್ಲಿಯೂ ಹೀಗೆಯೇ. ಕನ್ನಡದ ಪಸುರು ಎಲೆಯ ಬಣ್ಣ. ಅದರ ಒಡಹುಟ್ಟಾದ ಪಸುಪು ತೆಲುಗಿನಲ್ಲಿ ಅರಿಸಿನ, ಪಸಿಡಿ ಚಿನ್ನ. ತೆಲುಗರು ಕಾಮಾಲೆಗೆ ಪಚ್ಚಕಾಮೆರ್ಲು ಎನ್ನುತ್ತಾರೆ. ನಮ್ಮ ಕಿವಿಗೆ ಅದು ಹಸುರು ಕಾಯಿಲೆಯಂತೆ ಕೇಳಿಸುತ್ತದೆ. ತಮಿಳಿನಲ್ಲಿ ಇದೇ ಬಳಗದ ಪಸಲೈ ಎಂಬ ಮಾತು, ನಲ್ಲನನ್ನು ಅಗಲಿದ ಹೆಣ್ಣಿನ ಮೈಮೇಲೆ ಹರಡುವ ಬಾಡಿದ ಬಣ್ಣ. ತಿರುಕ್ಕುರಳಿನಲ್ಲಿ ಆ ಬಣ್ಣದ ಅಳಲಿಗೇ ಮೀಸಲಾದ ಒಂದು ಅಧಿಕಾರವಿದೆ, 119ನೆಯದು. ಎಳೆಯ ಎಲೆ, ಹೊನ್ನು, ಅರಿಸಿನ, ವಿರಹಿಣಿಯ ಕೆನ್ನೆ, ಇಷ್ಟೂ ಒಂದೇ ಧಾತುವಿನ ಮಕ್ಕಳು.

ಗ್ರೀಕರ ಖ್ಲೋರೋಸ್ ಎಂಬ ಪದವೂ ಎಳೆ ಹಸುರಿನಿಂದ ಹಿಡಿದು ಜೇನಿನ ಬಣ್ಣದವರೆಗೆ ಚಾಚಿಕೊಂಡಿತ್ತು. ಭಯದಿಂದ ಬಿಳಿಚಿದವರಿಗೂ ಹೋಮರ್ ಅದನ್ನೇ ಹೇಳುತ್ತಾನೆ. ಅದರಿಂದ ಯುರೋಪಿನ ವೈದ್ಯರು ಹದಿನೇಳನೆಯ ಶತಮಾನದಲ್ಲಿ ಕ್ಲೋರೋಸಿಸ್ ಎಂಬ ರೋಗದ ಹೆಸರನ್ನು ಕಟ್ಟಿದರು. ಹರೆಯಕ್ಕೆ ಬಂದ ಹುಡುಗಿಯರು ಬಿಳಿಚಿ, ಹಸುರುಹಳದಿಗೆ ತಿರುಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ಕಾಯಿಲೆಯದು. ಇದಕ್ಕೆ ಮದುವೆಯೇ ಮದ್ದೆಂದು 1554ರಲ್ಲಿ ಯೋಹಾನ್ನೆಸ್ ಲಾಂಗೆ ಎಂಬ ಜರ್ಮನ್ ವೈದ್ಯ ಬರೆದಿದ್ದ! ತಮಿಳು ಕವಿಗಳು ವಿರಹವೆಂದದ್ದನ್ನು ಜರ್ಮನಿಯ ವೈದ್ಯ ಕನ್ಯತ್ವವೆಂದ. ಬಣ್ಣ ಕಂಡಲ್ಲೆಲ್ಲ ಗಂಡಸರಿಗೆ ಪ್ರಣಯವೇ ಹೊಳೆಯಿತು. ಮುಂದಿನ ಶತಮಾನದಲ್ಲಿ ಲಂಡನ್ನಿನ ಸಿಡೆನ್‌ಹ್ಯಾಮ್ ಕಬ್ಬಿಣವನ್ನು ಮದ್ದಾಗಿ ಕೊಟ್ಟ. 1832ರಲ್ಲಿ ಫ್ರಾನ್ಸಿನ ಬ್ಲೋ ಕಬ್ಬಿಣದ ಗುಳಿಗೆಯನ್ನೇ ಮಾಡಿದ. ಆ ಹುಡುಗಿಯರ ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿತ್ತೆಂಬುದು ಆಮೇಲೆ ಲೋಕಕ್ಕೆ ತಿಳಿಯಿತು.

ನಮ್ಮವರು ಇದನ್ನು ಪಾಂಡು ಎಂದರು. ಪಾಂಡುವೆಂದರೆ ಹಳದಿ ಬೆರೆತ ಬಿಳುಪು. ಅದೂ ಮೊದಲಿಗೆ ಬರಿಯ ಬಣ್ಣವೇ. ಭಾರತದ ಕತೆ ಎಲ್ಲರಿಗೂ ಗೊತ್ತಿದೆ: ವ್ಯಾಸರ ಉಗ್ರರೂಪವನ್ನು ಕಂಡು ಅಂಬಾಲಿಕೆ ಬಿಳಿಚಿಕೊಂಡಳು, ಹುಟ್ಟಿದ ಮಗ ಪಾಂಡುವಾದ. ತಾಯಿಯ ಒಂದು ಗಳಿಗೆಯ ಭಯ ಮಗನಿಗೆ ಹೆಸರಾಗಿ, ಮೊಮ್ಮಕ್ಕಳಿಗೆ ವಂಶನಾಮವೂ ಆಯಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನಾರನೆಯ ಅಧ್ಯಾಯ ಪೂರ್ತಿಯಾಗಿ ಪಾಂಡುರೋಗಕ್ಕೆ ಮೀಸಲು. ಅಲ್ಲಿ ಹೇಳಿರುವ ಐದು ಬಗೆಗಳಲ್ಲಿ ಕೊನೆಯದು ಮಣ್ಣು ತಿನ್ನುವುದರಿಂದ ಬರುವುದು. ಮದ್ದುಗಳಲ್ಲಿ ಕಬ್ಬಿಣದ ಭಸ್ಮವೂ, ಕಬ್ಬಿಣದ ಕಿಟ್ಟದಿಂದ ಮಾಡುವ ಮಂಡೂರವೂ ಸೇರಿವೆ. ಹಿಮೋಗ್ಲೋಬಿನ್ನಿನ ಹೆಸರನ್ನೇ ಕೇಳದ ಎರಡು ನಾಡುಗಳ ವೈದ್ಯರು ಬೇರೆ ಬೇರೆ ದಾರಿಯಿಂದ ಕಬ್ಬಿಣದ ಬಳಿಗೇ ಬಂದು ಮುಟ್ಟಿದರೆಂಬುದನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಅದೇ ಅಧ್ಯಾಯದಲ್ಲಿ ಪಾಂಡುವಿನ ಮುಂದಿನ ಅವಸ್ಥೆಯಾಗಿ ಕಾಮಲಾ ಬರುತ್ತದೆ; ನಮ್ಮ ಕಾಮಾಲೆ. ಮರಾಠಿಯ ಕಾವೀಳ, ಉತ್ತರ ಕರ್ನಾಟಕದ ಕಾಮಣಿ, ತಮಿಳಿನ ಮಂಜಳ್ ಕಾಮಾಲೈ ಎಲ್ಲವೂ ಆ ಒಂದು ಪದದ ಸಂತಾನ. ಮಲೆಯಾಳಿಗಳು ಮಾತ್ರ ಮಂಞಪ್ಪಿತ್ತಂ ಎಂದು ಬೇರೆಯಾಗಿ ನಿಂತರು. ಕಾಮವನ್ನು, ಎಂದರೆ ಊಟ ಮೊದಲಾದುವುಗಳ ಮೇಲಿನ ಆಸೆಯನ್ನು, ಕಳೆಯುವುದರಿಂದ ಕಾಮಲಾ ಎಂದು ವೈದ್ಯರು ನಿರ್ವಚನ ಹೇಳುತ್ತಾರೆ. ರೋಗಿಯ ಕಣ್ಣು, ಚರ್ಮ, ಉಗುರು, ಮುಖ ಅರಿಸಿನದಂತೆ ಆಗುವುದೆಂದು ಹೇಳಿ, ಕಪ್ಪೆಯ ಬಣ್ಣವನ್ನೂ ಹೋಲಿಕೆಗೆ ತಂದಿರುವುದು ಚರಕದಲ್ಲಿ ನನಗೆ ಬಹಳ ಹಿಡಿಸಿದ ಅಂಶ. ಮಳೆಗಾಲದಲ್ಲಿ ಹಳದಿಯಾಗಿ ಕೆರೆಯಂಚಿಗೆ ಬರುವ ಕಪ್ಪೆಯನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ.

ಇದಕ್ಕೂ ಹಿಂದೆ ಹೋದರೆ ಋಗ್ವೇದದ ಮೊದಲ ಮಂಡಲದ ಐವತ್ತನೆಯ ಸೂಕ್ತ. ಅಲ್ಲಿ ಋಷಿ ಸೂರ್ಯನನ್ನು ಪ್ರಾರ್ಥಿಸಿ, ತನ್ನ ಮೈಯ ಹಳದಿಯನ್ನು ಗಿಳಿಗಳಿಗೂ ಇನ್ನೂ ಕೆಲವು ಹಕ್ಕಿಗಳಿಗೂ ದಾಟಿಸಿಬಿಡುತ್ತಾನೆ. ಹಸುರುಹಳದಿ ಎಲ್ಲಿ ಚೆಲುವೋ ಅಲ್ಲಿಗೆ ಹೋಗಲೆಂಬ ಭಾವ. ವಿಚಿತ್ರವೆಂದರೆ ರೋಮಿನ ಪ್ಲೀನಿಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತಾನೆ: ಗ್ರೀಕರಲ್ಲಿ ಇಕ್ಟೆರಸ್ ಎಂದರೆ ಕಾಮಾಲೆ, ಅದೇ ಹೆಸರಿನ ಹಕ್ಕಿಯೊಂದನ್ನು ರೋಗಿ ದಿಟ್ಟಿಸಿ ನೋಡಿದರೆ ರೋಗ ವಾಸಿಯಾಗಿ ಹಕ್ಕಿ ಸಾಯುತ್ತದೆಯಂತೆ. ನಮ್ಮ ಗಿಳಿಗಳು ಪುಣ್ಯ ಮಾಡಿದ್ದವು. ಅವುಗಳ ಬಣ್ಣವೇ ಅದಾದುದರಿಂದ ಏನೂ ಆಗಲಿಲ್ಲ.

ನಮ್ಮ ಜಿಲ್ಲೆಯ ಹಿರಿಯರಿಗೆ ಮುಖದ ಹಳದಿಯನ್ನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಬಯಲುಸೀಮೆಯ ನಮ್ಮ ಕಡೆಯವರು ಮಲೆನಾಡಿನ ತೋಟಗಳಿಗೆ ಕೂಲಿಗೆ ಹೋಗಿ, ಚಳಿಜ್ವರ ಹಿಡಿದು, ಹೊಟ್ಟೆಯೊಳಗೆ ಜ್ವರಗಡ್ಡೆ ಬೆಳೆಸಿಕೊಂಡು ಮರಳುತ್ತಿದ್ದ ಕತೆಯನ್ನು ನನ್ನ ತಾತ ಹೇಳುತ್ತಿದ್ದರು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಪ್ರಾರಂಭವಾಗಿ ಮನೆ ಮನೆಗೆ ಡಿಡಿಟಿ ಹೊಡೆದ ಮೇಲೆ ಆ ಮುಖಗಳು ಕಡಿಮೆಯಾದುವು. ಕಾಮಾಲೆಗೆ ನೆಲನೆಲ್ಲಿ ಅರೆದು ಕುಡಿಸುವುದು ಹಳ್ಳಿಗಳಲ್ಲಿ ಈಗಲೂ ಉಂಟು. ತೋಳಿಗೆ ಬರೆ ಹಾಕಿಸುವುದೂ ಇತ್ತು. ಪಾಂಡಿತ್ಯದ ಹೆಸರಿನಲ್ಲಿಯೂ ಅದನ್ನು ಸಮರ್ಥಿಸಲಾರೆ. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆಯನ್ನು ಪರರ ದೋಷ ಹುಡುಕುವವರಿಗೆ ಹೇಳುತ್ತೇವೆ. ನಿಜವಾಗಿ ಕಾಮಾಲೆಯವನ ಕಣ್ಣಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲವೆಂದು ವೈದ್ಯರೊಬ್ಬರು ನನ್ನನ್ನು ತಿದ್ದಿದರು. ಹಳದಿಯಾಗುವುದು ನೋಡುವವರಿಗೆ ಕಾಣುವ ಅವನ ಕಣ್ಣು ಮಾತ್ರ.

ಮೂರನೆಯ ದಿನ ಮಧ್ಯಾಹ್ನ ಆ ಹುಡುಗಿಯ ಅಜ್ಜಿ ಶಾಲೆಗೆ ಬಂದರು. ಬಾಗಿಲಲ್ಲಿಯೇ ನಿಂತು, ‘ನಮ್ ಮಗೀಗೆ ಅದೇನೋ ಇಂಗ್ಲೀಸ್ನಲ್ಲಿ ಹೆಸರಿಟ್ರಂತಲ್ಲ ಮೇಷ್ಟ್ರೇ’ ಎಂದರು. ಜಗಳದ ದನಿಯಲ್ಲ, ಆದರೆ ನನಗೆ ಅದು ಜಗಳಕ್ಕಿಂತ ಚುಚ್ಚಿತು. ‘ಕೂತ್ಕೊಳ್ಳವ್ವ, ತಪ್ಪಾಯ್ತು’ ಎಂದು ಬೆಂಚು ತೋರಿಸಿದೆ. ಕುಳಿತವರು ಸುಧಾರಿಸಿಕೊಂಡು ಹೇಳಿದರು: ‘ದೊಡ್ಡೋಳಾದ್ಮೇಲೆ ಬಣ್ಣ ಬಂತು, ಬೆಳ್ಳಗಾಯ್ತಾ ಅವ್ಳೆ ಅಂತ ನಾವೆಲ್ಲ ಹಿಗ್ಗಿದ್ವಿ ಕಣಪ್ಪ. ಅವ್ರತ್ತೆ ಬೇರೆ, ಮುಂದೆ ಗಂಡು ನೋಡಕ್ಕೆ ಸಲೀಸಾಯ್ತದೆ ಅಂತಿದ್ಲು.’

ಓದಿದ್ದೆಲ್ಲ ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಸಾಲುಗಟ್ಟಿತು. ಏದುಸಿರು ಬರುತ್ತದೆಯೇ ಎಂದು ಕೇಳಿದೆ. ನೀರು ಹೊತ್ತು ತಂದರೆ ಕೂತುಬಿಡುತ್ತಾಳೆ ಎಂದರು. ಮಣ್ಣೇನಾದರೂ ತಿನ್ನುತ್ತಾಳೆಯೇ ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿ, ‘ನಿಮ್ಗೆ ಯಾರು ಹೇಳಿದ್ರು? ಮಣ್ಣಲ್ಲ, ಬಳಪ. ತಮ್ಮನ ಬಳಪ ಒಂದೂ ಉಳ್ಸಲ್ಲ’ ಎಂದರು. ಚರಕ ಹೇಳಿದ್ದನೆಂದು ಅವರಿಗೆ ಹೇಗೆ ಹೇಳಲಿ! ಮಣ್ಣು ತಿನ್ನುವುದರಿಂದ ಪಾಂಡು ಬರುತ್ತದೆಂದು ಅವನು ಬರೆದ. ಅನೇಕರಲ್ಲಿ ಕಬ್ಬಿಣದ ಕೊರತೆಯಿಂದಲ��ೇ ಮಣ್ಣು, ಬಳಪ, ಸುಣ್ಣಗಳ ಚಪಲ ಹುಟ್ಟುತ್ತದೆಂದು ಇಂದಿನವರು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಕಂಡದ್ದಂತೂ ಅವನ ಕಣ್ಣಿನ ಸೂಕ್ಷ್ಮ.

ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಹುಡುಗಿಯ ಮುಖವನ್ನು ನೋಡಿದ್ದು ಕಡಿಮೆ. ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ಒಳಭಾಗ ನೋಡಿದರು, ನಾಲಿಗೆ, ಉಗುರು, ಅಂಗೈ ನೋಡಿದರು. ‘ನಮ್ಮ ಕಡೆಯ ಮೈಬಣ್ಣದಲ್ಲಿ ಮುಖ ನೋಡಿ ಹೇಳಕ್ಕಾಗಲ್ಲ ಮೇಷ್ಟ್ರೇ. ಕಾಮಾಲೆಯಾದ್ರೆ ಕಣ್ಣಿನ ಬಿಳಿ ಹಳದಿಯಾಗುತ್ತೆ. ಇವಳ ಕಣ್ಣು ಬೆಳ್ಳಗಿದೆ, ರೆಪ್ಪೆ ಒಳಗೆ ಕೆಂಪೇ ಇಲ್ಲ’ ಎಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6.8 ಬಂತು, ಆ ವಯಸ್ಸಿನ ಹುಡುಗಿಗೆ 12 ಇರಬೇಕು. ಇಂಗ್ಲಿಷಿನ ಮಾತು ಬಿಳಿಯರ ಕೆನ್ನೆಗೆಂದು ಬೆಳೆದುದು. ನಮ್ಮವರಿಗೆ ಕಣ್ಣು, ಉಗುರು ನೋಡೆಂದ ಹಳೆಯ ವೈದ್ಯರ ದಾರಿಯೇ ಸರಿಯೆಂದು ಆಗ ತಿಳಿಯಿತು.

ಇದು ಒಬ್ಬ ಹುಡುಗಿಯ ಸಂಗತಿಯೆಂದು ಕೇಳುಗರು ತಿಳಿಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ 57. ಸರಕಾರಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಗುಳಿಗೆ ಕೊಡುವುದು ಇದಕ್ಕಾಗಿಯೇ. ಆ ಹುಡುಗಿ ಅದನ್ನು ನುಂಗದೆ ಕಿಟಕಿಯಿಂದ ಆಚೆಗೆ ಎಸೆಯುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಗುಳಿಗೆ ಹಂಚುವವನು ನಾನೇ ಆಗಿದ್ದೆ.

ಗುಳಿಗೆ, ಜಂತುಹುಳುವಿನ ಔಷಧ, ಹುರುಳಿ, ನುಗ್ಗೆಸೊಪ್ಪು. ನುಗ್ಗೇಹಳ್ಳಿಯಲ್ಲಿದ್ದುಕೊಂಡು ನುಗ್ಗೆಸೊಪ್ಪು ತಿನ್ನದಿದ್ದರೆ ಹೇಗೆಂದು ನಾನು ಹಾಸ್ಯ ಮಾಡಿದ್ದಕ್ಕೆ ಹುಡುಗಿ ಮೊದಲ ಸಲ ನಕ್ಕಳು. ಅಜ್ಜಿಯನ್ನು ಬಸ್ಸು ಹತ್ತಿಸುವಾಗ, ‘ಮೊದ್ಲೇ ನಿಮ್ಗೆ ಏನೂ ಅನ್ನಿಸ್ಲಿಲ್ವಾ ಅವ್ವ?’ ಎಂದು ಕೇಳಿದೆ. ‘ಅನ್ನಿಸ್ತಿತ್ತು ಕಣಪ್ಪ. ಬೆಳ್ಳಗೇನೋ ಇದ್ಲು, ಆದ್ರೆ ಮುಖ ಸಪ್ಪಗಿತ್ತು’ ಎಂದರು. ಉಪ್ಪಿಲ್ಲದ ಸಾರಿಗೆ ಹೇಳುವ ಮಾತು, ನಾಲಿಗೆಯ ಮಾತು. ಮುಖಕ್ಕೆ ಬಂದು ಎಷ್ಟು ಚೆನ್ನಾಗಿ ಕೂತಿತು! ಮನೆಗೆ ಬಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಸ್ಯಾಲೋ ಎಂಬುದರ ಎದುರಿಗೆ ಬರೆದಿದ್ದ ನಾಲ್ಕು ಸಂಸ್ಕೃತ ಪದಗಳನ್ನು ಹೊಡೆದುಹಾಕಿ ಸಪ್ಪಗೆ ಎಂದು ಬರೆದೆ.

ಐದಾರು ತಿಂಗಳ ಮೇಲೆ ದೇವಸ್ಥಾನದ ಬಾಗಿಲಲ್ಲಿ ಮೂವರೂ ಸಿಕ್ಕಿದರು. ಹುಡುಗಿ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದಳು. ಅವಳ ಅತ್ತೆ ನನ್ನ ಹತ್ತಿರ ಬಂದು, ‘ಏನ್ ಮೇಷ್ಟ್ರೇ, ಅದೇನ್ ಮಾತ್ರೆ ಕೊಡ್ಸಿದ್ರೋ, ಮತ್ತೆ ಕಪ್ಪಗಾಗೋದ್ಲು’ ಎಂದು ದೂರಿದಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.